ಕುಲುಮೆಯ ಮನೆ, ತೋಟದ ಮನೆ

ಮನೆಯ ಹಿಂದಿನ ಕೊಠಡಿಯಲ್ಲಿ ಪುಟ್ಟದೊಂದು ಲೇತ್ ಇಟ್ಟುಕೊಂಡು, ಕೂಲಿಯ ಲೆಕ್ಕವಿಲ್ಲದೆ, ಗಿರಾಕಿಯ ಅವಸರವಿಲ್ಲದೆ, ಹಿತ್ತಾಳೆಯ ತಿರುಪನ್ನೋ ಉಕ್ಕಿನ ಸಣ್ಣ ಶಾಫ್ಟನ್ನೋ ಕಡೆದು ಮಾಡುವ ಹವ್ಯಾಸ ಇಂಗ್ಲೆಂಡಿನಲ್ಲಿ ಇನ್ನೂರು ವರ್ಷಕ್ಕೂ ಹಳೆಯದು. ಅಂಥವರಿಗೆಂದೇ 1898ರಲ್ಲಿ ಲಂಡನ್ನಿನಲ್ಲಿ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ ಹುಟ್ಟಿತು. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸೀಮೆಯಲ್ಲಿ ಅಂಥ ಕೊಠಡಿಯನ್ನು ಹುಡುಕಿದರೆ ಸಿಗುವುದು ಅಪರೂಪ. ಯಾಕೆಂದು ಕೇಳಿದರೆ ಮೂರು ಕಾರಣಗಳು ಕೂಡಲೇ ಬಾಯಿಗೆ ಬರುತ್ತವೆ: ನಮ್ಮವರಲ್ಲಿ ಹಣವಿರಲಿಲ್ಲ, ಬಿಡುವಿರಲಿಲ್ಲ, ಯಂತ್ರವಿರಲಿಲ್ಲ. ಈ ಸೀಮೆಯ ಹಿಂದಿನ ದಿನಗಳನ್ನು ಸ್ವಲ್ಪ ಗಮನವಿಟ್ಟು ನೋಡಿದವರಿಗೆ ಈ ಮೂರೂ ಸಾಲದೆ ಹೋಗುತ್ತವೆ. ಹಣ ಒಂದು ಕಾಲಕ್ಕೆ ಬಂತು, ಬಿಡುವು ಕೆಲವರಿಗಾದರೂ ಯಾವಾಗಲೂ ಇತ್ತು, ಯಂತ್ರವಂತೂ ಪಕ್ಕದ ಹರಿಹರದಲ್ಲೇ ತಯಾರಾಯಿತು. ನನ್ನ ವಾದ ಇಷ್ಟು: ಲೋಹವನ್ನು ಎಳೆಯಷ್ಟು ಸೂಕ್ಷ್ಮವಾಗಿ ತಿದ್ದುವ ಕೈ ಇಲ್ಲಿ ಒಂದು ಬಗೆಯ ಮನೆಯಲ್ಲಿತ್ತು, ಬಿಡುವು ಮತ್ತೊಂದು ಬಗೆಯ ಮನೆಯಲ್ಲಿತ್ತು. ಎರಡು ಮನೆಗಳ ನಡುವೆ ಕೊಡುವುದು ತೆಗೆದುಕೊಳ್ಳುವುದು ಧಾರಾಳವಾಗಿ ನಡೆದರೂ ಕಲಿಯುವುದು ಕಲಿಸುವುದು ನಡೆಯಲಿಲ್ಲ. ಲೇತ್ ಬಂದಾಗ ಎರಡರ ನಡುವಿನ ಗೋಡೆಯ ಒಂದು ಪಕ್ಕ ಒಡೆಯಿತು, ಇನ್ನೊಂದು ಪಕ್ಕ ಹಾಗೆಯೇ ನಿಂತಿದೆ.

ಮೊದಲು ಕೈಚಳಕದ ಮಾತು. ಬಸವಾಪಟ್ಟಣ ಇಂದು ಒಂದು ಹೋಬಳಿಯ ಊರು. ಆದರೆ ಅದು ಕೋಟೆಯ ಊರೂ ಹೌದು. ಮುಂದೆ ಸಂತೇಬೆನ್ನೂರಿಗೂ ತರೀಕೆರೆಗೂ ಸರಿದ ನಾಯಕರ ಮನೆತನ ಮೊದಲು ಆಳಿದ್ದು ಇಲ್ಲಿಂದ. 17ನೇ ಶತಮಾನದಲ್ಲಿ ಬಿಜಾಪುರದ ಸೇನೆ ಈ ಸೀಮೆಯನ್ನು ಹಿಡಿಯಿತು; 1687ರಲ್ಲಿ ಮೊಗಲರು ಶಿರಾ ಪ್ರಾಂತ್ಯ ಕಟ್ಟಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ಕೋಟೆ ಎಂದ ಮೇಲೆ ಬಾಗಿಲ ಕೀಲು, ಅಗುಳಿ, ಬೀಗ, ಕುದುರೆಯ ಲಾಳ, ಕೋವಿಯ ಬಿಡಿಭಾಗ ಎಲ್ಲಕ್ಕೂ ಕಮ್ಮಾರ ಬೇಕು. ಕೋಟೆಯ ಹೊರಗೆ ಹಳ್ಳಿಗಳಲ್ಲಿ ಅವನಿಲ್ಲದೆ ಮುಂಗಾರೇ ಇಲ್ಲ: ನೇಗಿಲ ಕುಳ ಹರಿತ ಮಾಡಬೇಕು, ಕುಡುಗೋಲು ಕುಟ್ಟಿ ಹದ ಕೊಡಬೇಕು, ಗಾಡಿಯ ಚಕ್ರಕ್ಕೆ ಹಳಿ ಬಿಗಿಯಬೇಕು. ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಆಯ ಬರುತ್ತಿತ್ತು. ಕುಲುಮೆ ಇರುತ್ತಿದ್ದುದು ಮನೆಗೆ ತಗುಲಿದ ಚಪ್ಪರದಲ್ಲಿ. ತಿದಿ ಒತ್ತುವ, ಎದುರು ನಿಂತು ಸುತ್ತಿಗೆ ಹೊಡೆಯುವ ಕೆಲಸದಲ್ಲಿ ಹೆಂಡತಿ ಮಕ್ಕಳೂ ಇರುತ್ತಿದ್ದರು. ಆ ಹೆಂಗಸರ ದುಡಿಮೆಗೆ ಆಯದ ಲೆಕ್ಕದಲ್ಲಿ ಬೇರೆ ಹೆಸರಿರಲಿಲ್ಲ. ಮನೆ ಮತ್ತು ಕಾರ್ಯಾಗಾರ ಒಂದೇ ಸೂರಿನಡಿ ಇರುವುದು ನಮಗೆ ಹೊಸತಾಗಿ ಬಂದದ್ದಲ್ಲವೆಂದು ಹೇಳಲು ಇಷ್ಟು ಸಾಕು.

ಕುಲುಮೆಯ ಕೆಲಸ ದಪ್ಪ, ಲೇತ್‌ನ ಕೆಲಸ ಸೂಕ್ಷ್ಮ, ಎರಡನ್ನೂ ಹೋಲಿಸುವುದು ಸರಿಯಲ್ಲ ಎಂದು ಯಂತ್ರ ಬಲ್ಲವರು ಹೇಳಬಹುದು. ಅವರು ಕಮ್ಮಾರನ ಚಪ್ಪರದಿಂದ ಎದ್ದು ಅಕ್ಕಸಾಲಿಗನ ಜಗಲಿಗೆ ಬರಬೇಕು. ಕಂಬಚ್ಚಿನ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಎಳೆದು ಬಂಗಾರದ ತಂತಿಯನ್ನು ಕೂದಲಿನಷ್ಟು ಸಣ್ಣಗೆ ಮಾಡುವುದು, ಗುಲಗಂಜಿಯ ತೂಕಕ್ಕೆ ಹೆಚ್ಚು ಕಡಿಮೆ ಆಗದಂತೆ ಅರ ಹಾಕುವುದು, ಊದುಗೊಳವೆಯಲ್ಲಿ ಊದಿ ಕಣ್ಣಿಗೆ ಕಾಣದಷ್ಟು ಬೆಸುಗೆ ಇಡುವುದು ಅಲ್ಲಿಯ ದಿನನಿತ್ಯದ ಕೆಲಸ. ಕಿವಿಯ ಓಲೆಗೂ ಮೂಗಿನ ಬೊಟ್ಟಿಗೂ ಹಿಂದಿನಿಂದ ಬಿಗಿಯುವ ತಿರುಪನ್ನು ನೋಡಿ. ಅಕ್ಕಿಕಾಳಿಗಿಂತ ಸಣ್ಣ ಕೊಳವೆಯ ಒಳಗೆ ಸುತ್ತು ಹಲ್ಲು, ಅದಕ್ಕೆ ಕೂರುವ ಹೊರ ಹಲ್ಲು, ಎರಡೂ ಮೆತ್ತನೆಯ ಲೋಹದಲ್ಲಿ, ದಿನವೂ ಬಿಚ್ಚಿ ಹಾಕಿದರೂ ಸವೆಯದಂತೆ. ಇಷ್ಟು ಸಣ್ಣ ಹಲ್ಲು ಕಡಿಯುವುದು ಇಂದಿನ ಯಾವ ಹವ್ಯಾಸಿಯನ್ನೂ ಬೆವರಿಸುವ ಕೆಲಸವೇ. ಹಾಗಾಗಿ ಸೂಕ್ಷ್ಮ ಕೆಲಸ ಇಲ್ಲಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಆ ಕೆಲಸದಲ್ಲಿ ಒಂದು ಮಿತಿಯಿತ್ತು, ಅದು ನನ್ನ ವಾದದ ನಡುಗಂಬ. ಭಾರತದಲ್ಲಿ ತಿರುಪು ಬಳಕೆಗೆ ಬಂದದ್ದು 17ನೇ ಶತಮಾನದ ಹೊತ್ತಿಗೆ, ಕೆಲವೇ ಕಸುಬುಗಳಲ್ಲಿ. ಆಗ ನಮ್ಮ ಕುಶಲಕರ್ಮಿಗಳು ಮೊಳೆಯ ಮೇಲೆ ಹಲ್ಲನ್ನು ಕಡಿಯುತ್ತಿರಲಿಲ್ಲ. ಮೊಳೆಗೆ ತಂತಿ ಸುತ್ತಿ ಬೆಸುಗೆ ಹಾಕಿ ಹಲ್ಲಿನ ಆಕಾರ ತರುತ್ತಿದ್ದರು. ತಂತ್ರಜ್ಞಾನದ ಇತಿಹಾಸ ಬರೆದವರು ಇದನ್ನು ಗುರುತಿಸಿ, ಲೇತ್ ಇಲ್ಲದ್ದರಿಂದ ನಮ್ಮ ತಿರುಪು ಸಡಿಲವಾಗಿ ಕೂರುತ್ತಿತ್ತು ಎಂದಿದ್ದಾರೆ. ಅವರ ಕಣ್ಣು ಬಿಗಿ ಸಡಿಲದ ಮೇಲಿದೆ. ನನಗೆ ಇನ್ನೂ ಮುಖ್ಯವೆನಿಸುವುದು ಬೇರೆ: ಕೈಯಿಂದ ಸುತ್ತಿದ ತಂತಿಯ ತಿರುಪು ಅದನ್ನು ಮಾಡಿದವನ ನಟ್ಟಿಗೆ ಮಾತ್ರ ಕೂರುತ್ತದೆ. ಅದು ಕಳೆದರೆ ಅದೇ ಮನೆಗೆ ಹೋಗಬೇಕು. ಆ ಮನೆಯಲ್ಲಿ ಅಪ್ಪನಿಲ್ಲದಿದ್ದರೆ ಮಗನ ಕೈಗೆ ಕೊಡಬೇಕು. ಅಳತೆ ಎಲ್ಲೂ ಬರೆದಿಟ್ಟದ್ದಲ್ಲ, ಕೈಯಲ್ಲಿ ಇದ್ದದ್ದು. ಕೈಯಲ್ಲಿರುವ ಅಳತೆಯನ್ನು ಕಲಿಯಬೇಕಾದರೆ ಎಳವೆಯಿಂದ ಆ ಕೈಯ ಪಕ್ಕದಲ್ಲೇ ಕೂತಿರಬೇಕು. ಎಂದರೆ ಆ ಮನೆಯಲ್ಲೇ ಹುಟ್ಟಿರಬೇಕು. ಕಸುಬು ಕುಲಕ್ಕೆ ಅಂಟಿಕೊಂಡದ್ದಕ್ಕೆ ಸಾಮಾಜಿಕ ಕಟ್ಟಳೆ ಎಷ್ಟು ಕಾರಣವೋ ಕಲಿಕೆಯ ಈ ರೀತಿಯೂ ಅಷ್ಟೇ ಕಾರಣ; ಒಂದು ಮತ್ತೊಂದನ್ನು ಗಟ್ಟಿ ಮಾಡಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ನಾನು ಸಂತೋಷದಿಂದ ಎದುರುಗೊಳ್ಳುತ್ತೇನೆ. ಹವ್ಯಾಸವೆಂದರೆ ಕೆಲಸದಲ್ಲಿನ ಆನಂದ. ಆ ಆನಂದ ಕಸುಬುದಾರನಿಗೆ ಇರಲಿಲ್ಲವೇ? ಇತ್ತು, ಧಾರಾಳವಾಗಿತ್ತು, ಅದಕ್ಕೆ ಸಾಕ್ಷಿ ಅಡಿಕೆಯ ನಾಡಿನಲ್ಲಿ ಮನೆಮನೆಯಲ್ಲಿತ್ತು. ಅಡಕತ್ತರಿಯನ್ನು ಗಮನಿಸಿ ನೋಡಿದವರು ಅದನ್ನು ಬರಿಯ ಕತ್ತರಿ ಎನ್ನಲಾರರು. ಎರಡು ತೋಳು, ಒಂದು ಕೀಲು, ಮೇಲಿನ ತೋಳಿಗೆ ಅಲಗು, ಕೆಳಗಿನದಕ್ಕೆ ಅಡಿಕೆ ಜಾರದಂತೆ ಹಿಡಿಯುವ ತಗ್ಗು. ಕೀಲು ಸಡಿಲವಾದರೆ ಅಲಗು ಪಕ್ಕಕ್ಕೆ ವಾಲಿ ಹೋಳು ಪುಡಿಯಾಗುತ್ತದೆ. ಬಿಗಿಯಾದರೆ ಅಜ್ಜಿಯ ಬೆರಳಿಗೆ ನೋವು. ಅಲಗಿನ ಹದ ಗಟ್ಟಿಯಾದರೆ ಒಣ ಅಡಿಕೆಗೆ ಬಾಯಿ ಒಡೆಯುತ್ತದೆ, ಮೆತ್ತಗಾದರೆ ಹರಿತ ನಿಲ್ಲುವುದಿಲ್ಲ. ಉಪಯೋಗಕ್ಕೆ ಇಷ್ಟು ಸರಿಯಿದ್ದರೆ ಸಾಕು. ಆದರೂ ಹಳೆಯ ಅಡಕತ್ತರಿಗಳಲ್ಲಿ ತೋಳುಗಳೇ ಗಿಳಿಯಾಗಿವೆ, ಕುದುರೆಯಾಗಿವೆ, ಎದುರುಬದುರು ನಿಂತ ಹೆಣ್ಣು ಗಂಡಾಗಿವೆ. ಹಿಡಿಕೆಯ ತುದಿಯಲ್ಲಿ ಮೊಗ್ಗು, ಬದಿಯಲ್ಲಿ ಹಿತ್ತಾಳೆಯ ಒತ್ತು. ಕೊಂಡವರು ಇದಕ್ಕೆ ಸ್ವಲ್ಪ ಹೆಚ್ಚು ಕೊಟ್ಟಿರಬಹುದು. ಆದರೆ ಬಗ್ಗಿ ಹಿಡಿದರೆ ಮಾತ್ರ ಕಾಣುವ ಒಳಮೈಗೂ ಗೀರು ಕೊರೆದು ಅಲಂಕರಿಸಿದ್ದು ಯಾವ ಗಿರಾಕಿಯ ಬೇಡಿಕೆಯೂ ಆಗಿರಲಾರದು. ಅದು ಮಾಡಿದವನ ಇಷ್ಟ. ಹಾಗಾಗಿ ನನ್ನ ವಾದವನ್ನು ಹೀಗೆ ತಿದ್ದಿಕೊಳ್ಳಬೇಕು: ಇಷ್ಟಕ್ಕಾಗಿ ಮಾಡುವುದು ಕಸುಬಿನ ಒಳಗೆ ಇತ್ತು, ಹೊರಗಿನವನು ಇಷ್ಟಪಟ್ಟು ಒಳಗೆ ಬರುವುದು ಇರಲಿಲ್ಲ. ಅಡಿಕೆ ಬೆಳೆದವನು, ಅಡಿಕೆ ಮೆಲ್ಲುವವನು, ಅಡಕತ್ತರಿಯನ್ನು ಕೈಯಲ್ಲಿ ತಿರುಗಿಸಿ ಮೆಚ್ಚಿದವನು ತಾನೇ ಒಂದನ್ನು ಮಾಡಿ ನೋಡೋಣವೆಂದು ಕುಲುಮೆಯ ಮುಂದೆ ಕುಳಿತ ಉದಾಹರಣೆ ನಮ್ಮ ಕಥನಗಳಲ್ಲಿ ಎದುರಾಗುವುದು ಬಲು ಕಡಿಮೆ.

ಈ ದೂರ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಸನ ವಿನೋದಗಳನ್ನು ವಿಸ್ತಾರವಾಗಿ ಹೇಳುತ್ತದೆ: ಆನೆ, ಕುದುರೆ, ಮಲ್ಲಯುದ್ಧ, ಕೋಳಿ ಅಂಕ, ಗೀತ, ನೃತ್ಯ, ಕಥೆ. ಅದೇ ಗ್ರಂಥದಲ್ಲಿ ಮೇಣದ ಅಚ್ಚಿನಿಂದ ಲೋಹದ ವಿಗ್ರಹ ಎರಕ ಹೊಯ್ಯುವ ವಿಧಾನವೂ ಇದೆ, ಅದೂ ಮೇಣಕ್ಕೆ ಎಷ್ಟು ಪಟ್ಟು ಲೋಹ ತೂಗಬೇಕೆಂಬ ವಿವರದೊಂದಿಗೆ. ಬರೆದವನಿಗೆ ಎರಕದ ಬಗ್ಗೆ ಕುತೂಹಲ ಇರಲಿಲ್ಲವೆನ್ನಲಾಗದು. ಆದರೆ ಆ ಭಾಗ ಬರುವುದು ದೇವತಾ ವಿಗ್ರಹ ಮಾಡಿಸುವ ಪ್ರಸಂಗದಲ್ಲಿ, ವಿನೋದಗಳ ನಡುವೆ ಅದಕ್ಕೆ ಜಾಗವಿಲ್ಲ. ಮಾಡಿಸುವುದು ದೊರೆಯ ಕೆಲಸ, ಮಾಡುವುದು ಬೇರೆಯವರ ಕೆಲಸ. ಅದೇ ಶತಮಾನದಲ್ಲಿ ಶರಣರು ಕಾಯಕಕ್ಕೆ ಕೊಟ್ಟ ಗೌರವ ದೊಡ್ಡದು. ಅಕ್ಕಸಾಲೆ ಕುಲದಿಂದ ಬಂದ ಕಿನ್ನರಿ ಬೊಮ್ಮಯ್ಯನಂಥವರು ಅನುಭವಿಗಳ ಸಾಲಿನಲ್ಲಿ ಕುಳಿತರು. ಆ ಚಳವಳಿ ಕೈಕೆಲಸ ಕೀಳೆಂಬ ಭಾವನೆಗೆ ಪೆಟ್ಟು ಕೊಟ್ಟಿತೆಂಬುದರಲ್ಲಿ ಅನುಮಾನವಿಲ್ಲ. ಆದರೂ ಕಾಯಕ ಎಂಬುದು ಬದುಕಿಗೆ ಹೊಣೆಯಾದ ದುಡಿಮೆ. ಹೊಣೆಯಿಲ್ಲದೆ, ಬರಿಯ ಆಸೆಯಿಂದ ಇನ್ನೊಬ್ಬರ ಕಸುಬನ್ನು ಕೈಯಲ್ಲಿ ಹಿಡಿದು ನೋಡುವ ದಾರಿಯನ್ನು ಅದು ಬೆಳೆಸಲಿಲ್ಲ.

ಗೋಡೆ ಅಷ್ಟು ಗಟ್ಟಿಯಾಗಿರಲಿಲ್ಲ ಎಂದೂ ವಾದಿಸಬಹುದು. ಊರಿನ ಪಾಂಚಾಳ ಕುಲದ ಕಸುಬುದಾರರಲ್ಲದೆ ಊರೂರು ಅಲೆದು ಕುಲುಮೆ ಹೂಡುವ ಬೈಲು ಕಮ್ಮಾರರಿದ್ದರು. ಕಲಾಯಿ, ಬೀಗ, ಕೊಡೆ, ಸ್ಟವ್ ರಿಪೇರಿಯಿಂದ ಹಿಡಿದು ಮೋಟಾರು ಮೆಕ್ಯಾನಿಕ್ ಕೆಲಸದವರೆಗೆ ಮುಸ್ಲಿಂ ಮೇಸ್ತ್ರಿಗಳು ಈ ಸೀಮೆಯ ಪೇಟೆಗಳಲ್ಲೆಲ್ಲ ಇದ್ದರು, ಇದ್ದಾರೆ. ನಿಜ. ಆದರೆ ಇವರೆಲ್ಲರೂ ಬಂದದ್ದು ಹೊಟ್ಟೆಪಾಡಿಗೆ. ಹೊಟ್ಟೆಪಾಡಿನ ದಾರಿ ಹಲವು ಜನಕ್ಕೆ ತೆರೆದಿತ್ತು, ಕುತೂಹಲದ ದಾರಿ ಯಾರಿಗೂ ತೆರೆದಿರಲಿಲ್ಲ. ಯುರೋಪಿನಲ್ಲೂ ಕಸುಬುದಾರರ ಸಂಘಗಳು ಹೊರಗಿನವರನ್ನು ಬಿಡುತ್ತಿರಲಿಲ್ಲವಲ್ಲ ಎಂದರೆ, ಆ ನಿರ್ಬಂಧ ಮಾಡಿ ಮಾರುವುದಕ್ಕೆ ಇತ್ತು. ಮಾರದೆ, ತನ್ನ ಕೋಣೆಯಲ್ಲಿ ಮಾಡಿಕೊಳ್ಳುವವನನ್ನು ಅದು ಮುಟ್ಟುತ್ತಿರಲಿಲ್ಲ. ಇದಕ್ಕೊಂದು ನಿದರ್ಶನ ನಮ್ಮ ಚರಿತ್ರೆಗೇ ತಾಗಿಕೊಂಡಿದೆ. ಟಿಪ್ಪು ಸುಲ್ತಾನನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡರು. ಸುಲ್ತಾನ ಕೇಳಿದ್ದರಲ್ಲಿ ಕುಶಲಕರ್ಮಿಗಳೂ ಇದ್ದರು. ರಾಯಭಾರಿಗಳನ್ನು ಎದುರುಗೊಂಡ ಆ ಲೂಯಿ ಅರಮನೆಯಲ್ಲೇ ಕಾರ್ಯಾಗಾರ ಇಟ್ಟುಕೊಂಡು ಸ್ವತಃ ಬೀಗ ಮಾಡುವ ಗೀಳಿನವನಾಗಿದ್ದ. ಅಲ್ಲಿಯ ದೊರೆಗೆ ಅರ ಹಿಡಿಯುವುದು ಆಟವಾಗಿತ್ತು. ಯಂತ್ರಗಳ ಮೇಲೆ ಅಷ್ಟು ಮೋಹವಿದ್ದ ನಮ್ಮ ಸುಲ್ತಾನನೂ ಅವುಗಳನ್ನು ಮಾಡಿಸಿದವನು.

ಟಿಪ್ಪುವಿನ ಕಾಲದ ಕಾರ್ಯಾಗಾರಗಳು ಬಸವಾಪಟ್ಟಣಕ್ಕೆ ದೂರದವೇನಲ್ಲ. ಶ್ರೀರಂಗಪಟ್ಟಣ, ಬೆಂಗಳೂರುಗಳಲ್ಲಿದ್ದಂತೆ ಪೂರ್ವಕ್ಕೆ ಚಿತ್ರದುರ್ಗದಲ್ಲೂ ಪಶ್ಚಿಮಕ್ಕೆ ನಗರದಲ್ಲೂ ‘ತಾರಾಮಂಡಲ’ ಎಂಬ ಹೆಸರಿನ ಕಾರ್ಯಾಗಾರಗಳಿದ್ದವು. ಹೊಸನಗರ ತಾಲ್ಲೂಕಿನ ಆ ನಗರದ ಹಾಳು ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಅವುಗಳ ಉದ್ದ ಸುಮಾರು 23ರಿಂದ 26 ಸೆಂಟಿಮೀಟರ್. ಕೈಯಿಂದ ಬಡಿದು ಸುತ್ತಿದ ಕೊಳವೆಗಳು ಇಷ್ಟು ಹತ್ತಿರದ ಅಳತೆಗೆ ಬಂದಿವೆಯೆಂದರೆ ಮುಂದೆ ಯಾವುದೋ ಮಾದರಿ ಇಟ್ಟುಕೊಂಡೇ ಕೆಲಸ ನಡೆದಿರಬೇಕು. ಇನ್ನೊಂದು ಕಡೆ, 1800ರ ಆಸುಪಾಸಿನಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿಗೆ ಭಾರತದ ದೂರ ದೂರದ ಭಾಗಗಳಲ್ಲೂ ಬೇಡಿಕೆಯಿತ್ತೆಂದು ಬರೆದ. ಮಧುಗಿರಿ ಕಡೆ ಮೂಸೆಯಲ್ಲಿ ಉಕ್ಕು ತೆಗೆಯುವುದನ್ನೂ ಅವನು ಕಂಡ. ಆಮೇಲಿನ ಶತಮಾನದಲ್ಲಿ ವಿಲಾಯತಿ ಕಬ್ಬಿಣ ಅಗ್ಗವಾಗಿ ಬಂದು ಅದಿರು ಕರಗಿಸುವ ಕುಲುಮೆಗಳನ್ನು ಒಂದೊಂದಾಗಿ ಆರಿಸಿತು. ಕಮ್ಮಾರನ ಕೈ ಉಳಿಯಿತು, ಅವನ ಕಚ್ಚಾ ಸಾಮಾನು ಗುಜರಿಯಾಯಿತು; ಇಂದಿಗೂ ಒಳ್ಳೆಯ ಕತ್ತಿಗೆ ಲಾರಿಯ ಕಮಾನ್ ಪಟ್ಟಿಯೇ ಬೇಕು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ, ಮಸಣೀಕೆರೆಗಳ ಬೆಟ್ಟಗಳಲ್ಲಿ ಟೈಟಾನಿಯಂ, ವೆನೇಡಿಯಂ ಬೆರೆತ ಕಬ್ಬಿಣದ ಅದಿರು ಇದೆ. ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಮಾತ್ರ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ.

ಈಗ ಲೇತ್. ಅದು ಏನು ಮಾಡಿತೆಂಬುದನ್ನು ಅದರ ಕೆಲಸದಿಂದಲೇ ತಿಳಿಯಬೇಕು. ಚಕ್‌ಗೆ ಕಚ್ಚಿಸಿದ ಸರಳು ತಿರುಗುತ್ತದೆ, ಟೂಲು ಅದರ ಮೈ ಸವರುತ್ತದೆ. ಇಷ್ಟನ್ನು ಬಿಲ್ಲಿನ ದಾರ ಸುತ್ತಿ ಎಳೆಯುವ ಹಳೆಯ ಕಡಚಲು ಯಂತ್ರವೂ ಮಾಡುತ್ತಿತ್ತು. ಹೊಸತು ಇದ್ದದ್ದು ಕೆಳಗಿನ ಉದ್ದನೆಯ ಲೀಡ್ ಸ್ಕ್ರೂನಲ್ಲಿ. ಸರಳು ಒಂದು ಸುತ್ತು ಸುತ್ತುವಷ್ಟರಲ್ಲಿ ಟೂಲು ಎಷ್ಟು ಮುಂದೆ ಸರಿಯಬೇಕೆಂಬುದನ್ನು ಹಲ್ಲುಚಕ್ರಗಳು ಗೊತ್ತುಮಾಡುತ್ತವೆ. ಚಕ್ರ ಬದಲಿಸಿದರೆ ಹಲ್ಲಿನ ಅಂತರ ಬದಲಾಗುತ್ತದೆ. ಲಂಡನ್ನಿನ ಹೆನ್ರಿ ಮಾಡ್ಸ್ಲೆ 1800ರ ಆಸುಪಾಸಿನಲ್ಲಿ ಇದನ್ನು ಕಾರ್ಯಾಗಾರಕ್ಕೆ ಒಗ್ಗುವಂತೆ ಗಟ್ಟಿಮಾಡಿದ. ಅವನ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್ವರ್ತ್ 1841ರಲ್ಲಿ ತಿರುಪಿನ ಹಲ್ಲಿಗೆ ಎಲ್ಲರೂ ಒಪ್ಪುವ ಒಂದು ಅಳತೆ ಇರಲಿ ಎಂದ. ಈ ಎರಡು ಸೇರಿದ ಮೇಲೆ ಎಂದೂ ಮುಖ ನೋಡದ ಇಬ್ಬರು, ಎರಡು ಊರಲ್ಲಿ, ಒಬ್ಬ ಬೋಲ್ಟನ್ನೂ ಇನ್ನೊಬ್ಬ ನಟ್ಟನ್ನೂ ಮಾಡಿದರೆ ಅವು ಕೂಡುತ್ತವೆ. ಅಳತೆ ಕೈಯಿಂದ ಬಿಡಿಸಿಕೊಂಡು ಯಂತ್ರಕ್ಕೂ ಕಾಗದಕ್ಕೂ ಬಂತು. ಕಾಗದಕ್ಕೆ ಬಂದದ್ದನ್ನು ಯಾವ ಮನೆಯಲ್ಲಿ ಹುಟ್ಟಿದವನಾದರೂ ಓದಿ ಕಲಿಯಬಹುದು. ಯಂತ್ರ ಕೈಚಳಕವನ್ನು ಕೊಂದಿತು ಎಂಬ ದುಃಖದಲ್ಲಿ ಸತ್ಯವಿದೆ. ಆಯವನ್ನು ನಂಬಿದ್ದ ಎಷ್ಟೋ ಕುಲುಮೆಗಳು ಆರಿದ್ದನ್ನು ಹಗುರವಾಗಿ ಹೇಳಲಾಗದು. ಆದರೆ ಕಲಿಕೆಯ ಬಾಗಿಲನ್ನು ಹುಟ್ಟಿನಿಂದ ಬಿಡಿಸಿದ್ದೂ ಅದೇ ಯಂತ್ರ.

ಆ ಬಾಗಿಲಲ್ಲಿ ಹೊಕ್ಕವರಲ್ಲಿ ನಮ್ಮ ನಾಡಿನ ದೊಡ್ಡ ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರರದು. 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಕಮ್ಮಾರ ಮನೆಯವರಲ್ಲ, ಬ್ರಾಹ್ಮಣರು. ಚಿತ್ರಕಲೆ ಕಲಿಯಲು ಮುಂಬೈಗೆ ಹೋಗಿ, ಕಣ್ಣಿಗೆ ಬಣ್ಣದ ಭೇದ ಸರಿಯಾಗಿ ತಿಳಿಯದ್ದರಿಂದ ಅದನ್ನು ಬಿಟ್ಟು ಯಾಂತ್ರಿಕ ನಕ್ಷೆಯ ಕಡೆ ತಿರುಗಿದರು, ಅದನ್ನೇ ಅಲ್ಲಿಯ ತಾಂತ್ರಿಕ ಶಾಲೆಯಲ್ಲಿ ಕಲಿಸಿದರು. ಬೆಳಗಾವಿಯಲ್ಲಿ 1888ರಲ್ಲಿ ಶುರುವಾದ ಸೈಕಲ್ ಅಂಗಡಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ಕಾರ್ಯಾಗಾರವಾಗಿ ಬೆಳೆಯಿತು; 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅವರು ಲೋಹದ ಕೆಲಸವನ್ನು ಅಪ್ಪನ ಕೈ ನೋಡಿ ಕಲಿಯಲಿಲ್ಲ, ನಕ್ಷೆ ಮತ್ತು ಪುಸ್ತಕಗಳಿಂದ ಕಲಿತರು. ಈ ಮನೆತನವೇ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಕಟ್ಟಿ ಲೇತ್‌ಗಳನ್ನು ತಯಾರಿಸತೊಡಗಿತು. ಬೆಂಗಳೂರಿನ ಎಚ್ಎಂಟಿ ಬಂದದ್ದು ಅದಾದ ಹನ್ನೆರಡು ವರ್ಷಕ್ಕೆ, 1953ರಲ್ಲಿ. ಬಸವಾಪಟ್ಟಣಕ್ಕೆ ಹತ್ತಿರದ ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಸೇರುವ ಊರಿನಲ್ಲೇ, ಯಂತ್ರಾಪುರ ಎಂದು ಹೆಸರಿಟ್ಟುಕೊಂಡ ಬಡಾವಣೆಯಲ್ಲಿ, ದೇಶದೆಲ್ಲೆಡೆ ಹೋಗುವ ಲೇತ್‌ಗಳು ಅಳತೆ ಹಿಡಿಸಿಕೊಂಡವು. ಸುತ್ತಲಿನ ಹಳ್ಳಿಗಳ ಒಕ್ಕಲಿಗ, ಕುರುಬ, ಲಿಂಗಾಯತ, ದಲಿತ, ಮುಸ್ಲಿಂ ಮನೆಗಳ ಹುಡುಗರು ಐಟಿಐ ಮಾಡಿ ಟರ್ನರ್, ಫಿಟ್ಟರ್ ಆದರು. ಮೈಕ್ರೋಮೀಟರಿನ ಗೆರೆ ಎಣಿಸುವುದಕ್ಕೆ ಕುಲ ಕೇಳುವವರಿರಲಿಲ್ಲ. ಗೋಡೆಯ ಒಂದು ಪಕ್ಕ ಒಡೆಯಿತೆಂದು ಮೊದಲು ಹೇಳಿದ್ದು ಇದನ್ನೇ.

ಕಾರ್ಖಾನೆಯಲ್ಲಿ ಕಲಿತ ಕೈಗಳು ಊರ ಕಡೆಗೂ ಬಂದವು. ಭದ್ರಾ ನಾಲೆಯ ನೀರು 1960ರ ದಶಕದಲ್ಲಿ ಚನ್ನಗಿರಿ, ಹೊನ್ನಾಳಿ, ದಾವಣಗೆರೆ ಕಡೆಗೆ ಹರಿದು ಭತ್ತ, ಕಬ್ಬು ಹಬ್ಬಿದವು. ಆಮೇಲೆ ಕೊಳವೆಬಾವಿಗಳ ಬೆನ್ನಿಗೆ ಅಡಿಕೆ ಬೆಟ್ಟದ ತಪ್ಪಲಿನಿಂದ ಬಯಲಿಗೆ ಇಳಿಯಿತು. ನೀರಿನ ಹಿಂದೆ ಪಂಪು, ಟ್ರ್ಯಾಕ್ಟರು, ಗಾಣ, ಅಡಿಕೆ ಸುಲಿಯುವ ಯಂತ್ರ ಬಂದವು, ಅವುಗಳ ಹಿಂದೆ ಲೇತ್ ವರ್ಕ್ಸ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಂಥ ಪೇಟೆಗಳಲ್ಲಿ ಬಸ್ ನಿಲ್ದಾಣದ ಆಚೀಚೆ ಒಂದು ಹಳೆಯ ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ಒಂದು ವೆಲ್ಡಿಂಗ್ ಸೆಟ್ ಇಟ್ಟುಕೊಂಡ ಶೆಡ್ಡು ಹೊಸ ಕಾಲದ ಕುಲುಮೆಯಾಯಿತು. ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿ ಮತ್ತೆ ಅಳತೆಗೆ ತರುವುದು, ಗನ್‌ಮೆಟಲ್ ಬುಷ್ ಕಡೆದು ಕೂರಿಸುವುದು, ಪುಲ್ಲಿಗೆ ಕೀ-ವೇ ತೆಗೆಯುವುದು, ಅಂಗಡಿಯಲ್ಲಿ ಸಿಗದ ಅಳತೆಯ ಬೋಲ್ಟಿಗೆ ಹಲ್ಲು ಹಾಕುವುದು. ಇವು ಸಣ್ಣ ಕೆಲಸಗಳಲ್ಲ. ಸುಗ್ಗಿಯ ನಡುವೆ ಸುಲಿಯುವ ಯಂತ್ರ ನಿಂತರೆ ತೋಟದ ಮನೆಯ ಲೆಕ್ಕವೆಲ್ಲ ಆ ಶೆಡ್ಡಿನ ಮುಂದೆ ನಿಲ್ಲುತ್ತದೆ. ಆದರೆ ಸಂಬಂಧ ಹಳೆಯದೇ: ತೋಟದವನು ಕೆಟ್ಟದ್ದನ್ನು ತರುತ್ತಾನೆ, ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಾನೆ, ಸರಿಯಾದದ್ದನ್ನು ಒಯ್ಯುತ್ತಾನೆ. ಆಯದ ಬದಲು ರೂಪಾಯಿ ಬಂದಿದೆ.

ಹಣವಿದ್ದರೆ ಹವ್ಯಾಸ ಬರುತ್ತಿತ್ತು ಎನ್ನುವವರಿಗೆ ಉತ್ತರ ಇಲ್ಲಿದೆ. ಅಡಿಕೆಯ ಬೆಲೆ ಏರಿದ ವರ್ಷಗಳಲ್ಲಿ ಈ ಸೀಮೆಯ ತೋಟದ ಮನೆಗಳು ಕಾರು ಕೊಂಡವು, ಮಹಡಿ ಎಬ್ಬಿಸಿದವು, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದವು. ಒಂದು ಸಣ್ಣ ಲೇತ್‌ನ ಬೆಲೆ ಅವಕ್ಕೆ ಎಟುಕದ್ದೇನಲ್ಲ. ಇಂಗ್ಲೆಂಡಿನಲ್ಲಾದರೂ ಹವ್ಯಾಸ ಶ್ರೀಮಂತರಲ್ಲೇ ನಿಂತಿದ್ದರೆ ಪತ್ರಿಕೆ ನಡೆಯುತ್ತಿರಲಿಲ್ಲ. ಕಾಲಿನಿಂದ ತುಳಿಯುವ ಅಗ್ಗದ ಲೇತ್ ಕೊಂಡು ಅಡುಗೆಮನೆಯ ಮೂಲೆಯಲ್ಲಿ ಉಗಿಬಂಡಿಯ ಮಾದರಿ ಮಾಡಿದ ಕೂಲಿಕಾರರು, ರೈಲ್ವೆ ನೌಕರರು ಅದನ್ನು ಬೆಳೆಸಿದರು. ಕಲಿಯುವ ಅವಕಾಶ ಇರಲಿಲ್ಲ ಎಂದರೆ, ದಾವಣಗೆರೆಯಲ್ಲಿ 1951ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಎಂಜಿನಿಯರಿಂಗ್ ಓದಿದವರು ತಲೆಮಾರುಗಟ್ಟಲೆ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡಿಗೆ ಅರ ಹಾಕಿ ಒಂದಕ್ಕೊಂದು ಕೂಡುವಂತೆ ಮಾಡಿದ್ದಾರೆ. ಅಂಕ ಬಂದ ಮೇಲೆ ಆ ಅರವನ್ನು ಮತ್ತೆ ಮುಟ್ಟಿದವರು ಎಷ್ಟು? ಹಣ, ಬಿಡುವು, ಯಂತ್ರ, ಪಾಠ ನಾಲ್ಕೂ ಒಂದೆಡೆ ಸೇರಿದರೂ ತೋಟದ ಮನೆಯ ಹಿಂದಿನ ಕೊಠಡಿಯಲ್ಲಿ ಲೇತ್ ಬಂದು ಕೂರಲಿಲ್ಲ. ಕೈ ಮಸಿಯಾಗುವ ಕೆಲಸ ಓದಿದವನಿಗೆ ಕೆಳಗಿಳಿದಂತೆ ಎಂಬ ಎಣಿಕೆ ಮನೆಯೊಳಗೆ ಉಳಿದಿದೆ. ಗೋಡೆಯ ಒಡೆಯದ ಪಕ್ಕ ಅದು. ಇದನ್ನು ನಾನು ಕಹಿಯಿಂದ ಹೇಳುತ್ತಿಲ್ಲ. ಮಗ ಕಬ್ಬಿಣ ಕುಟ್ಟಬಾರದೆಂದು ಓದಿಸಿದ ತಂದೆಯ ಮನಸ್ಸಿನ ಹಿಂದೆ ಬಹುಕಾಲದ ಅವಮಾನದ ನೆನಪಿರುತ್ತದೆ, ಅದನ್ನು ಗೌರವಿಸಲೇಬೇಕು. ಆದರೆ ಕಾರಣವನ್ನು ಕಾರಣವೆಂದೇ ಕರೆಯಬೇಕು.

ಉಳಿದ ಒಂದು ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಬಡವರಿರುವ ನಾಡಿನಲ್ಲಿ ಬೇಕಿಲ್ಲದ ತಿರುಪು ಕಡೆಯುವ ಹವ್ಯಾಸದಿಂದ ಯಾರಿಗೇನು? ಇದಕ್ಕೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನರ ಜೀವನ ಉತ್ತರ ಕೊಡುತ್ತದೆ. ರೈತ ಮನೆಯ ಈ ವ್ಯಕ್ತಿ ಮೊದಲು ಮಾಡಿದ್ದು, ಬೆಳಿಗ್ಗೆ ಏಳಲು ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಅದು ಸುತ್ತಿದಾಗ ಬಾಟಲಿ ವಾಲಿ ಮುಖದ ಮೇಲೆ ನೀರು ಬೀಳುವ ಒಂದು ಏರ್ಪಾಟು. ಯಾರಿಗೂ ಮಾರಲಾಗದ ವಸ್ತು. ಅದೇ ಕೈ ಮುಂದೆ ಹುಣಸೆಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆ, ಉಳುವ ಸಲಕರಣೆಗಳನ್ನು ಮಾಡಿತು, 2022ರಲ್ಲಿ ಪದ್ಮಶ್ರೀ ಬಂತು. ಬೇಕಿಲ್ಲದ್ದನ್ನು ಮಾಡಿ ನೋಡುವ ಸ್ವಾತಂತ್ರ್ಯ ಇಲ್ಲದ ಕಡೆ ಬೇಕಾದದ್ದು ಹೊಳೆಯುವುದೂ ಕಷ್ಟ. ಲೇತ್ ವರ್ಕ್ಸಿನ ಮೇಸ್ತ್ರಿಗೆ ತಲೆಯಿದೆ, ಕೈಯಿದೆ. ಎದುರಿಗೆ ಕಾಯುತ್ತಿರುವ ಗಿರಾಕಿಗಳ ಸಾಲಿನ ಮುಂದೆ ಹೊಸತನ್ನು ಮಾಡಿ ಕೆಡಿಸುವ ಪುರುಸೊತ್ತಿಲ್ಲ. ಕೆಡಿಸುವ ಪುರುಸೊತ್ತು ಇರುವುದು ತೋಟದ ಮನೆಯಲ್ಲಿ. ಅಡಿಕೆ ಸುಲಿಯುವ ಯಂತ್ರದ ಬ್ಲೇಡು ಯಾವ ಗಾತ್ರದ ಕಾಯಿಗೆ ತಪ್ಪುತ್ತದೆ, ರೋಲರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ದಿನವೂ ಕಾಣುವವರು ಆ ಮನೆಯವರು ಮತ್ತು ಅಲ್ಲಿಯ ಕೆಲಸಕ್ಕೆ ಬರುವ ಹೆಂಗಸರು. ಕಂಡದ್ದನ್ನು ಸಂಜೆ ಲೇತ್ ಮೇಲೆ ತಿದ್ದಿ ಮರುದಿನ ಪರೀಕ್ಷಿಸುವ ದಾರಿ ಅವರಿಗೆ ಇಲ್ಲ.

ಮೈಸೂರು ಕಿರ್ಲೋಸ್ಕರ್ ಹೊಸ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಲೇತ್‌ಗಳು ಮಾತ್ರ ಹಳೆ ಯಂತ್ರಗಳ ಮಾರುಕಟ್ಟೆಯಲ್ಲಿ ಈಗಲೂ ಕೈ ಬದಲಿಸುತ್ತಿವೆ; ಬೆಡ್ಡು ಸವೆಯದ ಒಂದು ಸಿಕ್ಕರೆ ಇನ್ನೊಂದು ಆಯುಷ್ಯ ಬಾಳುತ್ತದೆ. ಆದರೆ ಅವು ಭಾರದವು, ತ್ರೀ ಫೇಸ್ ಕರೆಂಟು ಬೇಡುವವು. ಹಳ್ಳಿಯ ಮನೆಗೆ ಸಾಮಾನ್ಯವಾಗಿ ಇರುವುದು ಸಿಂಗಲ್ ಫೇಸ್. ತೋಟದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ನೀರೆತ್ತಲು ಮಾತ್ರ ಕೊಟ್ಟದ್ದು. ಮನೆಗೆ ಒಗ್ಗುವ ಸಣ್ಣ ಲೇತ್ ಕೊಳ್ಳುವ ಮೊದಲು ಕೈ ಪಳಗಿಸಲು ಒಂದು ಜಾಗ ಬೇಕು. ತಾಲ್ಲೂಕು ತಾಲ್ಲೂಕಿನ ಐಟಿಐಗಳಲ್ಲಿ ಲೇತ್‌ಗಳಿವೆ. ಮಕ್ಕಳು ಮನೆಗೆ ಹೋದ ಮೇಲೆ ಸಂಜೆ ಅವು ಸುಮ್ಮನೆ ನಿಂತಿರುತ್ತವೆ. ವಾರಕ್ಕೆರಡು ಸಂಜೆ, ಪ್ರಮಾಣಪತ್ರದ ಹಂಗಿಲ್ಲದೆ, ಹೆಣ್ಣು ಗಂಡು ಯಾರು ಬಂದರೂ ಒಂದು ಹಿತ್ತಾಳೆ ಸರಳು ಕೊಟ್ಟು ಚಕ್‌ಗೆ ಹಿಡಿಸುವುದನ್ನು ಕಲಿಸಲು ದೊಡ್ಡ ಖರ್ಚಿಲ್ಲ. ಕಲಿಸುವವರೂ ಸದ್ಯಕ್ಕೆ ಇದ್ದಾರೆ. ಹರಿಹರದ ಯಂತ್ರಗಳ ಮೇಲೆ ಇಡೀ ಬದುಕು ಕಳೆದ ಟರ್ನರ್‌ಗಳು, ಫಿಟ್ಟರ್‌ಗಳು ನಿವೃತ್ತರಾಗಿ ಈ ಸೀಮೆಯ ಊರುಗಳಲ್ಲೇ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಈಗ ವಯಸ್ಸಾಗಿದೆ.